ಚಪ್ಪಲಿ ಬಿಟ್ಟು ಹತ್ತುವ ಜಪಾನ್ ಗಾಡಿ

ನಮ್ಮ ಮನೆಗೆ ಜಪಾನ್ ಕಾರು ಬಂದಾಗ ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹಿರಿಯೂರಿನಲ್ಲಿ ಪಿಯುಸಿ ಮುಗಿಸಿ, ಮತ್ತೋಡಿನ ಹತ್ತಿರದ ಒಂದು ಕುರಿಗಾರರ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಹೊಸ ಸೊಸೆ ತಲೆ ಮೇಲೆ ಸೆರಗು ಹೊದ್ದು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು ಅಂತ ನಮ್ಮವ್ವ ಬುದ್ಧಿ ಹೇಳಿಯೇ ಕಳಿಸಿದ್ದಳು. ಸೆರಗು ಹೊದೆಯುವುದೇನೂ ಕಷ್ಟವಾಗಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಮಾತ್ರ ನನ್ನಿಂದ ಆಗದ ಕೆಲಸ. ಕಂಡದ್ದು ಯಾಕೆ ಹಾಗಿದೆ ಅಂತ ಕೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ನಮ್ಮ ಮನೆಯವರು ಹೊಸದುರ್ಗದ ಒಬ್ಬ ಗಣಿ ಸಾಹುಕಾರರ ಹತ್ತಿರ ಲಾರಿಗಳ ಉಸ್ತುವಾರಿ ನೋಡುತ್ತಿದ್ದರು. ನಮ್ಮ ಸೀಮೆಯ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರು. ಅಗೆದ ಅದಿರು ಲಾರಿಯಲ್ಲಿ ರೈಲಿಗೆ, ರೈಲಿನಲ್ಲಿ ಬಂದರಿಗೆ, ಬಂದರಿನಿಂದ ಹಡಗಿನಲ್ಲಿ ಜಪಾನಿಗೆ ಹೋಗುತ್ತಿತ್ತು. ಅದಿರಿನ ಗುಣ ನೋಡುವುದಕ್ಕೆ ಮದ್ರಾಸಿನಿಂದ ಆಗಾಗ ಒಬ್ಬರು ಜಪಾನಿ ಬರುತ್ತಿದ್ದರು. ಮದ್ರಾಸಿನಲ್ಲಿ ತಾವು ಓಡಿಸುತ್ತಿದ್ದ ಸಣ್ಣ ಕಾರನ್ನು ಅವರು ಸಾಹುಕಾರರಿಗೆ ಬಿಟ್ಟುಕೊಟ್ಟರು. ಸಾಹುಕಾರರದು ಭಾರಿ ಮೈ. ಒಳಗೆ ಕೂತರೆ ಸ್ಟೇರಿಂಗು ಹೊಟ್ಟೆಗೆ ಒತ್ತುತ್ತಿತ್ತಂತೆ. ಹೊಸದುರ್ಗದ ಪೇಟೆಯಲ್ಲಿ ಒಂದು ಸಲ ಇಳಿಯಲಾರದೆ ಒದ್ದಾಡಿ, ಇಬ್ಬರು ಕೈ ಹಿಡಿದು ಎಳೆದ ಮೇಲೆ ಅವರಿಗೆ ಆ ಕಾರಿನ ಸಹವಾಸ ಸಾಕಾಯಿತು. ಅಗ್ಗದಲ್ಲಿ ನಮ್ಮ ಮನೆಯವರ ಪಾಲಿಗೆ ಬಂತು. ಬಿಡುವಿದ್ದಾಗ ಅದನ್ನು ಬಾಡಿಗೆಗೂ ಓಡಿಸುತ್ತಿದ್ದರು.

ಕಂಪನಿಯ ಹೆಸರು ಮುಂದುಗಡೆ ಬೆಳ್ಳಿ ಅಕ್ಷರದಲ್ಲಿ ಬರೆದಿತ್ತು. ನಮ್ಮ ಕಡೆ ಒಬ್ಬರೂ ಆ ಹೆಸರು ಹೇಳಲಿಲ್ಲ. ಜಪಾನ್ ಗಾಡಿ, ಅಷ್ಟೇ. ಎಳೆ ಬಾಳೆಯೆಲೆಯ ಬಣ್ಣ. ಕೆಂಪು ಧೂಳಿನ ನಮ್ಮೂರಿನಲ್ಲಿ ಆ ಬಣ್ಣ ಒಂದು ದಿನವೂ ಪೂರ್ತಿ ಕಂಡದ್ದಿಲ್ಲ, ಅದು ಬೇರೆ ಮಾತು.

ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅನ್ನುವ ಹಾಗೆ, ಕಾರು ಎಲ್ಲರ ಕಣ್ಣಿಗೂ ಬಾಯಿಗೂ ಸಿಕ್ಕಿತು. ಒಬ್ಬ ಮುದುಕ ಬಾನೆಟ್ಟಿನ ಮೇಲೆ ಬೆರಳಲ್ಲಿ ತಟ್ಟಿ, "ಎಣ್ಣೆ ಡಬ್ಬದ ತಗಡು ಕಣಪ್ಪ ಇದು" ಅಂದ. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ಬಾಡಿಗೆಗೆ ಕರೆದುಕೊಂಡು ಚಿತ್ರದುರ್ಗಕ್ಕೆ ಹೋಗಿ ಬಂದವರು, "ಇದ್ಕೆ ಹೊಟ್ಟೆನೇ ಇಲ್ಲ, ಕುಡಿಯೋದೇ ಇಲ್ಲ. ಪೆಟ್ರೋಲ್ ಹಾಕ್ಸಿದ್ದು ಎಲ್ಲಿ ಇಟ್ಕಂತೈತೋ!" ಅಂತ ಆಶ್ಚರ್ಯಪಟ್ಟರು. ಹಿರಿಯೂರಿನಲ್ಲಿ ಕಂಬಳಿ ವ್ಯಾಪಾರ ಮಾಡುವ ನಮ್ಮಪ್ಪನಿಗೆ ಇಂಜಿನ್ನು ಬೇಕಿರಲಿಲ್ಲ. ಸೀಟಿನ ಹೊದಿಕೆಯನ್ನು ಹೆಬ್ಬೆರಳಲ್ಲಿ ತಿಕ್ಕಿ, ಹೊಲಿಗೆ ನೋಡಿ, ಮೂಸಿ, "ದಾರದಾಗೆ ಮೋಸ ಇಲ್ಲ" ಅಂತ ತೀರ್ಪು ಕೊಟ್ಟ. ನಮ್ಮ ಮನೆಯವರಂತೂ ಗೇರಿನ ಗುಣಗಾನ ಶುರು ಮಾಡಿದರೆ ಊಟ ಆರಿಹೋಗುತ್ತಿತ್ತು. "ಲೇ, ಬೆಣ್ಣೆಯಾಗೆ ಬೆರಳು ಇಟ್ಟಂಗೈತೆ ಕಣೆ!"

ನನಗೆ ಹುಚ್ಚು ಹಿಡಿಸಿದ್ದು ಕಾರಿನ ಜತೆ ಬಂದ ಪುಸ್ತಕ. ಪೂರ್ತಿ ಜಪಾನಿ ಅಕ್ಷರ. ಒಂದೊಂದು ಅಕ್ಷರವೂ ಒಂದೊಂದು ರಂಗೋಲಿ. ಓದಲು ಬಾರದಿದ್ದರೂ ಚಿತ್ರ ನೋಡಿ ಅರ್ಥ ಮಾಡಿಕೊಳ್ಳಬಹುದಲ್ಲ. ಎತ್ತಿನ ಕೊರಳ ಹಗ್ಗ ಬಿಚ್ಚಲೂ ಬಾರದ ಪೇಟೆ ಹುಡುಗಿ ಅಂತ ನನ್ನನ್ನು ಆಡಿಕೊಳ್ಳುತ್ತಿದ್ದ ಮನೆಯಲ್ಲಿ ನಾನೇ ಜಪಾನ್ ಗಾಡಿಯ ಪಂಡಿತೆಯಾದೆ. ಒಂದು ಚಿತ್ರದಲ್ಲಿ ಗುಂಡಿ ತಿರುಗಿಸಿದರೆ ಕೂತವರ ಕಾಲ ಹತ್ತಿರ ಅಲೆಅಲೆಯಾಗಿ ಬಾಣಗಳು ಹೊರಡುತ್ತಿದ್ದವು. ಗಾಳಿ ಅಂತ ಗೊತ್ತಾಯಿತು. ಬೇಸಿಗೆಯಲ್ಲಿ ತವರಿಗೆ ಹೋಗುವಾಗ ಹಿರಿಯೂರಿನ ಬಿಸಿಲು ತಡೆಯಲಾರದೆ ಆ ಗುಂಡಿ ತಿರುಗಿಸಿದೆ. ಬುಸ್ ಅಂತ ಬೆಂಕಿಯಂಥ ಗಾಳಿ ನುಗ್ಗಿತು. ನಮ್ಮ ಮನೆಯವರು ಕಾರು ನಿಲ್ಲಿಸಿ ಕೆಳಗೆ ಹಾರಿದರು. ಚಳಿ ಸೀಮೆಯವರು ಕಾಲು ಕಾಯಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು ಅಂತ ಗೊತ್ತಾದ ಮೇಲೂ ನನ್ನ ಪಾಂಡಿತ್ಯಕ್ಕೆ ಬಿದ್ದ ಪೆಟ್ಟು ಮಾಯಲಿಲ್ಲ. ಎಲ್ಲಿಗೆ ಹೊರಟರೂ "ಪಂಡಿತ್ರೇ, ಕೈ ಮಡಿಲಾಗೆ ಇಟ್ಕಳ್ರಿ" ಅನ್ನುತ್ತಿದ್ದರು.

ಇನ್ನು ನಮ್ಮ ಮಾವನ ವಿಷಯ ಹೇಳಬೇಕು. ಕಾರಿನ ಕಥೆ ನಿಜವಾಗಿ ಅವರದೇ.

ಮಾವ ನಮ್ಮೂರ ಗುಡ್ಡದ ದೇವರ ಪೂಜಾರಿ. ಗುಡಿಯಿಲ್ಲ, ಗೋಪುರವಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಕರೀ ಬಂಡೆ, ಅದೇ ದೇವರು. ಗುಡ್ಡದ ಬುಡದಲ್ಲಿದ್ದ ತುಗ್ಗಲಿ ಮರದ ಕೆಳಗೆ ಚಪ್ಪಲಿ ಬಿಟ್ಟು ಎಲ್ಲರೂ ಬರಿಗಾಲಲ್ಲಿ ಹತ್ತಬೇಕು. ಕುರಿ ಈದಾಗ ಮೊದಲ ಹಾಲು ಮೀಸಲು. ಅದನ್ನು ಮಾವ ಬಂಡೆಗೆ ಎರೆದ ಮೇಲೆಯೇ ಸುತ್ತಲಿನ ಕುರಿಗಾರ ಮನೆಗಳಲ್ಲಿ ಆ ಸಾಲಿನ ಕುರಿಹಾಲು ಬಾಯಿಗೆ ಇಡುವುದು. ನಾನು ಆ ಮನೆಗೆ ಕಾಲಿಡುವ ಮೊದಲೇ ಗುಡ್ಡ ಗಣಿಗೆ ಹೋಗಿತ್ತು. ಮಾವ ಮತ್ತು ನೆಂಟರೆಲ್ಲ ಕುರಿ ಹೊಡೆದುಕೊಂಡು ದೂರದ ಹಸಿರು ಹುಡುಕಿ ಹೋಗಿದ್ದಾಗ ಗಣಿಯವರು ನೆತ್ತಿಗೆ ಮದ್ದಿಟ್ಟು ಹಾರಿಸಿದ್ದರು. ತಿರುಗಿ ಬಂದು ನೋಡಿದರೆ ಬಂಡೆಯೂ ಇಲ್ಲ, ನೆತ್ತಿಯೂ ಇಲ್ಲ.

ಅಂದಿನಿಂದ ಮೀಸಲು ನಿಂತಿತು. ಮಾವ ಹಾಲನ್ನೇ ಬಿಟ್ಟರು. ಕುರಿಯದಿರಲಿ, ಎಮ್ಮೆಯ ಹಾಲೂ ಮುಟ್ಟದೆ ಬರೀ ಬೆಲ್ಲದ ಕರಿ ಕಾಪಿ ಕುಡಿಯುತ್ತಿದ್ದರು. ನೆಂಟರು ಬಂದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಪೂಜಾರಪ್ಪ, ಈಗ ದ್ಯಾವ್ರು ಎಲ್ಲವ್ನೆ? ಹಾಲು ಎಲ್ಲಿಗೆ ತರಾಣ?" ಪೂಜಾರಿಗೇ ದೇವರ ವಿಳಾಸ ಗೊತ್ತಿಲ್ಲ ಅಂದರೆ ಏನು ಮರ್ಯಾದೆ? ಅವರು ತಲೆ ತಗ್ಗಿಸಿ ಕೂರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಮಗ ಅದೇ ಗಣಿಯಲ್ಲಿ ದುಡಿಯುತ್ತಿದ್ದದ್ದು ಬೇರೆ. ತಂದೆ ಮಗ ಎದುರುಬದುರು ಕೂತು ಉಣ್ಣುತ್ತಿದ್ದರೇ ಹೊರತು ಮಾತಿಲ್ಲ, ಕತೆಯಿಲ್ಲ.

ಕಾರು ಬಂದ ದಿನ ಮಾವ ಹೊರಗೆ ಬಂದು ಅದನ್ನು ನೋಡಿಕೊಂಡು ನಿಂತರು. ಅಪ್ಪನನ್ನು ಹೇಗಾದರೂ ಮಾತಿಗೆ ಎಳೆಯಬೇಕು ಅಂತ ನಮ್ಮ ಮನೆಯವರು ನಗುತ್ತ ಒಂದು ಮಾತು ಬಿಟ್ಟರು. "ಅಪ್ಪ, ಇದೇನು ಬೇರೇದಲ್ಲ. ನಮ್ಮ ಗುಡ್ಡದ ಕಲ್ಲೇ ಜಪಾನಿಗೆ ಹೋಗಿ ಕಾರಾಗಿ ಬಂದೈತೆ."

ತಮಾಷೆಗೆ ಆಡಿದ್ದು. ಮಾವ ನಗಲಿಲ್ಲ. ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ದಾರಿ ಸವೆಸಿ ಬಂದ ಕಾರು, ಬೆಚ್ಚಗಿತ್ತು. ಮೆಲ್ಲಗೆ ತಮ್ಮ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದರು. "ಲೇ, ನೀನೂ ಬಿಡೋ" ಅಂದರು ಮಗನಿಗೆ. ಎಷ್ಟೋ ತಿಂಗಳ ಮೇಲೆ ಮಗನ ಜತೆ ಆಡಿದ ಮೊದಲ ಮಾತು ಅದು. ಇವರು ಬೂಟು ಬಿಚ್ಚಿದರು.

ಅಲ್ಲಿಂದ ಆ ಕಾರನ್ನು ಚಪ್ಪಲಿ ಬಿಟ್ಟೇ ಹತ್ತುವ ಪದ್ಧತಿ ಶುರುವಾಯಿತು. ನಮ್ಮ ಮನೆಯವರು ಬರಿಗಾಲಲ್ಲೇ ಕ್ಲಚ್ಚು ಒತ್ತುತ್ತಿದ್ದರು. ಬಾಡಿಗೆಗೆ ಬಂದವರಿಗೆ ಕಾರಣ ಹೇಳಲು ನಾಚಿಕೆಯಾಗಿ, "ಬಿಟ್ಟು ಹತ್ರಿ" ಅಂತಷ್ಟೇ ಹೇಳುತ್ತಿದ್ದರು. ಜನ ತಾವೇ ಒಂದು ಕಾರಣ ಕಟ್ಟಿಕೊಂಡರು. ಜಪಾನಿನಲ್ಲಿ ಕಾರಿಗೆ ಚಪ್ಪಲಿ ಹಾಕಿಕೊಂಡು ಹತ್ತಿದರೆ ಪೊಲೀಸರು ಹಿಡಿಯುತ್ತಾರಂತೆ ಅಂತ ಹೊಳಲ್ಕೆರೆಯಲ್ಲಿ ಸುದ್ದಿ ಹಬ್ಬಿತ್ತು. ಅಡಿಕೆ ವ್ಯಾಪಾರಿ ಒಂದು ಸಲ ಭೀಮಸಮುದ್ರದ ತಮ್ಮ ಅಂಗಡಿ ಮುಂದೆ ಮೆಟ್ಟು ಬಿಟ್ಟು, ಹಾಗೇ ಕಾರು ಹತ್ತಿ, ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಸುಡುವ ನೆಲದ ಮೇಲೆ ಇಳಿದು ಕುಣಿದರು. ಚಂದ್ರವಳ್ಳಿ ನೋಡಲು ಹೋದ ಮೇಷ್ಟ್ರುಗಳ ಗುಂಪೊಂದು ಮುಳ್ಳಿನ ದಾರಿಯಲ್ಲಿ ಬರಿಗಾಲಲ್ಲಿ ಗವಿ ನೋಡಿ ಬಂತು. ಆದರೂ ಗಿರಾಕಿ ಕಡಿಮೆಯಾಗಲಿಲ್ಲ. ಇಷ್ಟು ಮಡಿ ಇದ್ದರೆ ಗಾಡಿಯಲ್ಲಿ ಏನೋ ವಿಶೇಷ ಇರಲೇಬೇಕು ಅಂತ ಜನರ ಲೆಕ್ಕ.

ಮಾವ ಬದಲಾದರು. ಬೆಳಿಗ್ಗೆ ಎದ್ದು ಕಾರಿನ ಮೇಲಿನ ಕೆಂಪು ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುವರು. ಆ ಧೂಳನ್ನೂ ಬಿಸಾಡದೆ ತುಳಸಿ ಬುಡಕ್ಕೆ ಹಾಕುವರು. ಚಳಿಗಾಲದ ಒಂದು ಮುಂಜಾನೆ ಹೊಳಲ್ಕೆರೆ ಸಂತೆಗೆ ಹೋಗುವಾಗ ನಾನು ಹೆದರುತ್ತಲೇ ಆ ಬಿಸಿಗಾಳಿಯ ಗುಂಡಿ ತಿರುಗಿಸಿದೆ. ಮಾವನ ಒಡೆದ ಹಿಮ್ಮಡಿಗಳಿಗೆ ಬಿಸಿ ತಾಗಿತು. ಅವರು ಕಣ್ಣು ಮುಚ್ಚಿಕೊಂಡು, "ಕುರಿಮಂದೆ ಮಧ್ಯೆ ಮಲಗ್ದಂಗೈತೆ ಕಣವ್ವ" ಅಂದರು. ಮದುವೆಯಾಗಿ ಬಂದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ. ನನಗೆ ಎಷ್ಟು ಸಂತೋಷವಾಯಿತೆಂದರೆ, ಜಪಾನಿನ ಯಾವನೋ ಕೆಲಸಗಾರ ಆ ಗುಂಡಿ ಕೂರಿಸಿದ್ದಾನಲ್ಲ, ಅವನ ಹೊಟ್ಟೆ ತಣ್ಣಗಿರಲಿ ಅಂದುಕೊಂಡೆ.

ಆ ಸಾಲಿನಲ್ಲಿ ಕುರಿ ಈಯಲು ಶುರುವಾದಾಗ ಮಾವ ನೆಂಟರಿಗೆಲ್ಲ ಹೇಳಿ ಕಳಿಸಿದರು. ಬರುವ ಸೋಮವಾರ ಮೀಸಲು ಹಾಲು ತನ್ನಿ, ದೇವರು ಸಿಕ್ಕಿದ್ದಾನೆ, ಕಾರಾಗಿ ಬಂದು ನಮ್ಮ ಮನೆ ಮುಂದೆಯೇ ನಿಂತಿದ್ದಾನೆ ಅಂತ.

ಇದು ಕೇಳಿದ್ದೇ ನಾನು ನಮ್ಮ ಮನೆಯವರನ್ನು ಹಿತ್ತಲಿಗೆ ಕರೆದೆ. ಯಾಕೆಂದರೆ ಅಷ್ಟರಲ್ಲಿ ನನ್ನ ಹಾಳು ಕುತೂಹಲ ಸುಮ್ಮನಿರದೆ ನಮ್ಮ ಮನೆಯವರನ್ನು ಕೆದಕಿ ಕೇಳಿತ್ತು. ಜಪಾನಿಯವರು ಆ ಕಾರನ್ನು ಮದ್ರಾಸಿನಲ್ಲಿ ಬಹಳ ಕಾಲದಿಂದ ಓಡಿಸುತ್ತಿದ್ದರು. ನಮ್ಮ ಗುಡ್ಡದ ಮೊದಲ ಲಾರಿ ರೈಲಿಗೆ ಹೋದದ್ದು ಅದರ ಎಷ್ಟೋ ಆಮೇಲೆ. ಹಾಗಾದರೆ ಮೊಮ್ಮಗ ಅಜ್ಜನಿಗಿಂತ ಮೊದಲೇ ಹುಟ್ಟಿದ್ದು ಹೇಗೆ?

"ನೀವಾದ್ರೂ ಹೇಳ್ರಿ ಮಾವನಿಗೆ" ಅಂದೆ.

"ಯಾವ ಬಾಯಲ್ಲಿ ಹೇಳ್ಲೇ? ನಗ್ತಾ ಅವ್ರೆ ಈಗ" ಅಂದರು. ಅವರ ಮುಖ ಚಿಕ್ಕದಾಗಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ನೆಂಟರಲ್ಲಿ ಗಣಿಗೆ ಕೂಲಿಗೆ ಹೋಗುವವರೂ ಇದ್ದರು. ಇವತ್ತಲ್ಲ ನಾಳೆ ಯಾರಾದರೂ ಇದೇ ಲೆಕ್ಕ ಹಾಕುವವರೇ. ಹಾಲು ಎರೆದ ಮೇಲೆ ಸುಳ್ಳೆಂದು ಗೊತ್ತಾದರೆ ಮಾವನ ಮಾತನ್ನು ಮತ್ತೆ ಯಾರು ನಂಬುತ್ತಾರೆ? ಮೊದಲೇ ಹೇಳಿದರೆ ದೇವರು ಮತ್ತೆ ದಿಕ್ಕಿಲ್ಲದವನಾಗುತ್ತಾನೆ. ಅತ್ತ ದರಿ, ಇತ್ತ ಪುಲಿ.

ಸೋಮವಾರಕ್ಕೆ ಹಿಂದಿನ ದಿನ ಜಪಾನಿಯವರು ತಾವಾಗಿಯೇ ನಮ್ಮ ಮನೆಗೆ ಬಂದರು. ಅದಿರು ನೋಡಲು ಹೊಸದುರ್ಗಕ್ಕೆ ಬಂದವರು, ತಮ್ಮ ಹಳೇ ಕಾರು ಹೇಗಿದೆ ನೋಡೋಣ ಅಂತ ನಮ್ಮ ಮನೆಯವರ ಜತೆ ಹೊರಟಿದ್ದರು. ಸಣ್ಣ ಆಳು, ಇಸ್ತ್ರಿ ಅಂಗಿ. ನಮ್ಮ ಹೊಸ್ತಿಲ ಮುಂದೆ ಯಾರೂ ಹೇಳದೆಯೇ ಬಗ್ಗಿ ಬೂಟು ಬಿಚ್ಚಿದರು. ಮಾವ ಅದನ್ನು ನೋಡಿ, "ನಮ್ಮೋನೇ ಕಣವ್ವ ಇವ್ನು. ಕುಂತ್ಕಳಪ್ಪ" ಅಂತ ತಮ್ಮ ಪಕ್ಕದಲ್ಲೇ ಕಂಬಳಿ ಹಾಸಿದರು.

ಅವರ ಇಂಗ್ಲಿಷೂ ನನ್ನದರ ಹಾಗೆಯೇ ಕುಂಟುತ್ತಿತ್ತು. ಕುಂಟರಿಬ್ಬರು ಕೈಕೈ ಹಿಡಿದು ನಡೆದಂತೆ ನಮ್ಮ ಮಾತು ಸಾಗಿತು. ನಾನು ಕಾರಿನ ಪುಸ್ತಕ ತಂದು ನನ್ನ ಹಳೇ ಅನುಮಾನಗಳನ್ನೆಲ್ಲ ಕೇಳಿದೆ. ಯಾಕೆ ಇಷ್ಟು ಸಣ್ಣ ಕಾರು ಮಾಡುತ್ತೀರಿ? ಯುದ್ಧ ಮುಗಿದಾಗ ತಮ್ಮ ದೇಶದಲ್ಲಿ ಏನೂ ಉಳಿದಿರಲಿಲ್ಲ, ಕಬ್ಬಿಣ ಕಡಿಮೆ, ರಸ್ತೆ ಇಕ್ಕಟ್ಟು, ಅಂಗಡಿಯವನೂ ಮೇಷ್ಟ್ರೂ ಕೊಳ್ಳುವಂಥ ಕಾರು ಬೇಕಿತ್ತು ಅಂದರು. ತಮ್ಮಪ್ಪ ಮೊದಲ ಸಲ ಇಂಥದ್ದೇ ಕಾರು ತಂದಾಗ ಬೀದಿಯವರೆಲ್ಲ ಸರದಿ ಮೇಲೆ ಕೂತು ಇಳಿದರಂತೆ. ತಗಡು ತೆಳು ಅಂತ ಅಲ್ಲಿಯೂ ನಕ್ಕರಂತೆ. ಹೇಳುತ್ತ ಹೇಳುತ್ತ ಅವರೂ ನಕ್ಕರು. ದೂರದ ಬೀದಿಯೂ ನಮ್ಮ ಬೀದಿಯ ಹಾಗೇ ಇದೆ ಅನ್ನಿಸಿ ನನಗೆ ಬಹಳ ಹಿತವಾಯಿತು.

ಆಗ ಮಾವ ನನ್ನ ಕಡೆ ತಿರುಗಿದರು. "ಕೇಳವ್ವ ಅವ್ರನ್ನ. ಈ ಗಾಡಿ ನಮ್ಮ ಗುಡ್ಡದ ಕಲ್ಲಿಂದೇ ಅಲ್ವಾ?"

ನಮ್ಮ ಮನೆಯವರು ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. ನಾನು ಕೇಳಿದೆ. ಜಪಾನಿಯವರು ಅದು ಗಂಭೀರ ಪ್ರಶ್ನೆ ಅಂತ ಮಾವನ ಮುಖದಿಂದಲೇ ತಿಳಿದುಕೊಂಡರು. ಯೋಚಿಸಿ ಹೇಳಿದರು. ಇಲ್ಲ, ಈ ಕಾರು ಆದಾಗ ಇಲ್ಲಿಯ ಅದಿರು ಬಂದಿರಲಿಲ್ಲ. ಈಗ ಬರುತ್ತದೆ, ಆದರೆ ಎಷ್ಟೋ ದೇಶದ ಕಲ್ಲು ಒಂದೇ ಕುಲುಮೆಯಲ್ಲಿ ಕರಗುತ್ತದೆ, ಯಾವುದು ಯಾರದೆಂದು ಯಾರೂ ಹೇಳಲಾರರು.

ಈ ಮಾತನ್ನು ಕನ್ನಡಕ್ಕೆ ತರುವವಳು ನಾನೊಬ್ಬಳೇ. ಹೌದಂತೆ ಮಾವ ಅಂದುಬಿಟ್ಟಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ, ನಮ್ಮ ಮನೆಯವರೂ ಬಾಯಿ ಬಿಡುತ್ತಿರಲಿಲ್ಲ. ಮಾತು ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಮಾವ ನನ್ನನ್ನು ನಂಬಿ ಕೂತಿದ್ದರು. ಆ ಕಣ್ಣು ನೋಡಿಕೊಂಡು ಸುಳ್ಳಾಡಲು ಆಗಲಿಲ್ಲ. "ಅಲ್ವಂತೆ ಮಾವ" ಅಂದೆ. ಉಳಿದದ್ದನ್ನೂ ಹೇಳಿದೆ.

ಮಾವ ಕೈಯಲ್ಲಿದ್ದ ಕಾಪಿ ಲೋಟವನ್ನು ಕೆಳಗಿಟ್ಟರು. ಇನ್ನೊಂದು ಪ್ರಶ್ನೆ ಕೇಳಲು ಹೇಳಿದರು. "ಅವ್ರ ದೇಶದಾಗೂ ಗುಡ್ಡ ಇರ್ತಾವಲ್ಲ. ದ್ಯಾವ್ರಿರೋ ಗುಡ್ಡ ಅಗಿಯೋವಾಗ ಏನ್ ಮಾಡ್ತಾರಂತೆ?"

ಜಪಾನಿಯವರು ಈ ಸಲ ತಡಮಾಡಲಿಲ್ಲ. ನೆಲ ಅಗೆಯುವ ಮೊದಲು ಪೂಜಾರಿಯನ್ನು ಕರೆಸುತ್ತೇವೆ, ಪೂಜಾರಿ ನೆಲದ ದೇವರನ್ನು ಕೇಳುತ್ತಾನೆ, ನೋಯಿಸುತ್ತೇವೆ ಕ್ಷಮಿಸು ಅನ್ನುತ್ತಾನೆ, ಆಮೇಲೆ ಗುದ್ದಲಿ ಅಂದರು.

ನಾನು ಹೇಳಿದೆ. ಮಾವ ತಮ್ಮ ಎದೆ ಮುಟ್ಟಿಕೊಂಡು, "ಇಲ್ಲಿ ಪೂಜಾರಿ ನಾನು. ನನ್ನ ಯಾರೂ ಕರೀಲಿಲ್ಲ" ಅಂದರು.

ಏನಂದರು ಅಂತ ಜಪಾನಿಯವರು ನನ್ನನ್ನು ಕೇಳಿದರು. ಹೇಳಿದ್ದೇ ಅವರು ಕೂತಲ್ಲಿಂದಲೇ ಹಣೆ ಕಂಬಳಿಗೆ ತಾಗುವ ಹಾಗೆ ಮಾವನ ಮುಂದೆ ಬಾಗಿದರು. ಮಾವ ಗಾಬರಿಯಾಗಿ ಅವರ ಭುಜ ಹಿಡಿದು ಎಬ್ಬಿಸಿದರು. "ಏಳಪ್ಪ, ಏಳು. ದೂರದಿಂದ ಬಂದೋನು ನೀನು. ನಿಂಗೇನ್ ಗೊತ್ತಿತ್ತು?"

ಸೋಮವಾರ ನೆಂಟರು ಮನೆಮನೆಯ ಹಾಲು ಹಿಡಿದು ಬಂದರು. ಕಾರಿಗೆ ಹೂವು ಸುತ್ತಬೇಕೆಂದು ಒಬ್ಬರು ಚೆಂಡುಹೂವೂ ತಂದಿದ್ದರು. ಮಾವ ಜಗಲಿಯ ಮೇಲೆ ನಿಂತು, "ನಾನು ತಪ್ಪು ತಿಳ್ಕಂಡಿದ್ದೆ. ದ್ಯಾವ್ರು ಕಾರಾಗಿಲ್ಲ" ಅಂದರು. ಗುಜುಗುಜು ಎದ್ದಿತು. "ಮತ್ತೆ ಎಲ್ಲವ್ನೆ?" ಅಂತ ಹಿರಿಯರೊಬ್ಬರು ಸ್ವಲ್ಪ ಒರಟಾಗಿಯೇ ಕೇಳಿದರು.

"ಎಲ್ಲಿಗೂ ಹೋಗಿಲ್ಲ. ಬಂಡೆ ಇಲ್ಲ ಅಂತ ನಾನೇ ಅತ್ತ ಕಾಲಿಡ್ಲಿಲ್ಲ. ಬರ್ರಿ, ಹೋಗಾಣ."

ಹಾಲನ್ನೆಲ್ಲ ಒಂದು ದೊಡ್ಡ ಗಿಂಡಿಗೆ ಸೇರಿಸಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ, ಮಾವ ಮುಂದೆ. ಉಳಿದವರು ಕಾಲುದಾರಿ ಹಿಡಿದರು. ಕಾರು ಗಣಿಯ ಏರು ಹತ್ತಿ ನಿಂತಿತು. ಗುಡ್ಡವಿದ್ದ ಕಡೆ ಈಗ ಕೆಂಪು ಹಳ್ಳ. ಬಂಡೆ ಇಲ್ಲದ್ದನ್ನು ಕಂಡು ತಿರುಗಿದ ಮೇಲೆ ಮಾವ ಮತ್ತೆ ಅಲ್ಲಿಗೆ ಬಂದದ್ದು ಇದೇ ಮೊದಲು. ಒಂದು ಲಾರಿ ಅದಿರು ತುಂಬಿಕೊಂಡು ಹೊರಟಿತ್ತು, ದಾರಿ ಬಿಡಿ ಅಂತ ಹಾರ್ನ್ ಹೊಡೆಯುತ್ತಿತ್ತು. ನಮ್ಮ ಮನೆಯವರು ಕಾರಿನಿಂದಿಳಿದು ಲಾರಿಯ ಮುಂದೆ ಹೋಗಿ ನಿಂತರು. "ಇಂಜಿನ್ ಆರ್ಸೋ" ಅಂದರು. ಸಾಹುಕಾರರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಡ್ರೈವರ್ ಆರಿಸಿದ.

ಮಾವ ಮಗನ ಹೆಗಲು ಹಿಡಿದು, ಚಕ್ರದ ಮೇಲೆ ಕಾಲಿಟ್ಟು ಲಾರಿ ಹತ್ತಿದರು. ನಾನು ಗಿಂಡಿ ಎತ್ತಿ ಕೊಟ್ಟೆ. ಅದಿರಿನ ರಾಶಿಯ ಮೇಲೆ ಮಂಡಿಯೂರಿ ಹಾಲು ಎರೆಯತೊಡಗಿದರು. ಬಿಳಿ ಹಾಲು ಕೆಂಪಾಗಿ ಕಲ್ಲಿನ ಸಂದಿಗೆ ಇಳಿಯಿತು.

"ಕಳ್ಸೋ ಮುಂಚೆ ನಿನ್ನ ಕೇಳ್ಬೇಕಿತ್ತಪ್ಪ. ಯಾರೂ ಕೇಳ್ಲಿಲ್ಲ, ನಾನೂ ಮುನಿಸ್ಕಂಡು ದೂರ ಕುಂತೆ. ಹೋಗೋದು ಹೋಗು. ಉಪವಾಸ ಹೋಗ್ಬ್ಯಾಡ."

ಕೆಳಗೆ ನಮ್ಮ ಮನೆಯವರು ಮಕ್ಕಳ ಹಾಗೆ ಬಿಕ್ಕುತ್ತಿದ್ದರು. ಮುಚ್ಚಿಡಲು ನೋಡಲೂ ಇಲ್ಲ. ಉಳಿದ ಹಾಲನ್ನು ಮಾವ ಹಳ್ಳದ ಅಂಚಿನಲ್ಲಿ, ಇನ್ನೂ ಅಗೆಯದ ನೆಲಕ್ಕೆ ಎರೆದರು. ಆಮೇಲೆ ಲಾರಿಯವನಿಗೆ ಹೋಗು ಅಂತ ಕೈ ಮಾಡಿದರು. ಅದು ತಿರುವಿನಲ್ಲಿ ಮರೆಯಾಗುವ ತನಕ ನೆಂಟರೆಲ್ಲ ಕೈ ಮುಗಿದುಕೊಂಡೇ ನಿಂತಿದ್ದರು.

ಮಾವ ನನ್ನ ಹತ್ತಿರ ಬಂದರು. "ಗಿಂಡಿಯಾಗೆ ಏನಾರ ಮಿಕ್ಕೈತೇನವ್ವ?" ಅಂದರು.

ತಳದಲ್ಲಿ ಒಂದು ಗುಟುಕು ಇತ್ತು. ಅಲ್ಲೇ ನಿಂತು ಕುಡಿದರು.